ನಮ್ಮ ಹಿಟ್ಟಿನ ಗಿರಣಿ ಎಂ.ಟೆಕ್ ಓದಿದ್ದು

ದುಃಖವನ್ನು ಮುಚ್ಚಿಟ್ಟುಕೊಳ್ಳುವುದು ಅಂಥ ಕಷ್ಟದ ಕೆಲಸವಲ್ಲ. ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ಒಲೆಯ ಹೊಗೆ ಎಂದರೆ ಮುಗಿಯಿತು. ಗ್ಯಾಸು ಬಂದ ಮೇಲೆ ಈರುಳ್ಳಿ ಎನ್ನಬಹುದು. ಆದರೆ ಸಂತೋಷವನ್ನು ಮುಚ್ಚಿಡುವುದಿದೆಯಲ್ಲ, ಅದು ನನ್ನಿಂದಾಗದ ಮಾತು. ನನ್ನ ಮೊಮ್ಮಗಳು ಸಿಂಚನಾಗೆ ಎಂ.ಟೆಕ್ ಸೀಟು ಸಿಕ್ಕ ದಿನ ಜಾವಗಲ್ ಬಸ್ ಸ್ಟ್ಯಾಂಡಿನಲ್ಲಿ ಹಳೇಬೀಡಿನ ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ನಾನು ಆ ಸುದ್ದಿ ಹೇಳಿದೆ. ಅವರಲ್ಲಿ ದೇವಸ್ಥಾನ ನೋಡಲು ಹೊರಟಿದ್ದ ಹಿಂದಿಯ ಗಂಡಹೆಂಡತಿಯೂ ಇದ್ದರು. ಪಾಪ, ಅವರೂ ತಲೆಯಾಡಿಸಿದರು. ಅರ್ಥವಾಗದೆ ಆಡಿಸಿದರು ಎಂದು ನೀವು ನಗಬಹುದು. ನಮ್ಮೂರಿನವರು ಆಡಿಸಿದ್ದೂ ಹಾಗೆಯೇ.

ನಾನು ಓದಿದ್ದು ಐದನೇ ಕ್ಲಾಸು, ಅದೂ ಪೂರ್ತಿಯಲ್ಲ. ಮಾವನವರು ಹಾಕಿಸಿದ ಹಿಟ್ಟಿನ ಗಿರಣಿಯನ್ನು ನಡೆಸಿಕೊಂಡು ಬಂದವಳು. ಯಜಮಾನರು ತೆಂಗಿನ ತೋಟ ನೋಡಿಕೊಳ್ಳುತ್ತಾರೆ, ಅಂದರೆ ಅದನ್ನು ನೋಡಿಕೊಂಡು ಬರುತ್ತಾರೆ. ಇಂಥ ಮನೆಯ ಹುಡುಗಿ ತುಮಕೂರಿನ ಕಾಲೇಜಿನಲ್ಲಿ ಓದುವ ವಿದ್ಯೆಯ ಹೆಸರು ಸ್ಮಾರ್ಟ್ ಮ್ಯಾನುಫ್ಯಾಕ್ಚರಿಂಗ್. ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಿಸದ ಹಾಗೆ ವಾರಗಟ್ಟಲೆ ಬಾಯಿಪಾಠ ಮಾಡಿ ಆ ಹೆಸರನ್ನು ನಾಲಿಗೆಗೆ ಹತ್ತಿಸಿಕೊಂಡೆ. ಹಾಗೆಂದರೆ ಏನು ಎಂದು ಕೇಳಿದ್ದಕ್ಕೆ ಅವಳು, “ಮಿಷಿನ್ನೇ ತನ್ನ ಕಷ್ಟಸುಖ ಹೇಳ್ಕೊಳ್ಳೋ ಥರ ಮಾಡೋದು ಅಜ್ಜಿ. ಎಷ್ಟು ಕೆಲಸ ಮಾಡ್ತು, ಎಲ್ಲಿ ಸವೀತಾ ಇದೆ, ಯಾವಾಗ ಕೈಕೊಡುತ್ತೆ, ಎಲ್ಲ ಮುಂಚೇನೇ ಹೇಳ್ಬಿಡುತ್ತೆ” ಎಂದಳು. “ಇದನ್ನ ಗಂಡಸ್ರಿಗೆ ಮಾಡಕ್ಕಾಗಲ್ವೇನೇ?” ಎಂದೆ. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಯಜಮಾನರು ಲೋಟ ಕೆಳಗಿಟ್ಟು ತೋಟ ನೋಡಿಕೊಂಡು ಬರಲು ಹೋದರು.

ಕೊನೆಯ ವರ್ಷದಲ್ಲಿ ಅವಳು ನಿಜವಾದ ಒಂದು ಯಂತ್ರದ ಲೆಕ್ಕಾಚಾರ ತೆಗೆದು ಒಪ್ಪಿಸಬೇಕಿತ್ತು. ದಾರಿ ತೋರಿಸುವುದಕ್ಕೆ ಗೈಡು ಎಂದು ಒಬ್ಬರು ಮೇಷ್ಟ್ರು. ಹಳೇಬೀಡಿನಲ್ಲಿ ಕೋಲು ಹಿಡಿದು ಕಲ್ಲಿನ ಆನೆ ತೋರಿಸುವ ಗೈಡುಗಳಾದರೂ ಬಿಸಿಲಿನಲ್ಲಿ ಜೊತೆಗೆ ನಡೆದು ಬರುತ್ತಾರೆ. ಈ ಮೇಷ್ಟ್ರು ಕುರ್ಚಿಯಿಂದಲೇ, “ಹೋಗಿ ಯಾವುದಾದರೂ ಫ್ಯಾಕ್ಟರಿ ಹಿಡಿಯಿರಿ” ಎಂದು ದಾರಿ ತೋರಿಸಿದರಂತೆ. ಫ್ಯಾಕ್ಟರಿ ಏನು ಕೋಳಿಯೇ ಹಿಡಿಯುವುದಕ್ಕೆ. ಹುಡುಗಿ ಅಲೆದಳು. ಬರಮಾಡಿಕೊಂಡು ಬಿಸ್ಕತ್ತು ಕೊಟ್ಟ ಕಾರ್ಖಾನೆಗಳು ಯಂತ್ರದ ಹತ್ತಿರ ಬಿಡಲಿಲ್ಲ. ಒಂದು ಕಾರ್ಖಾನೆಯವರು ಒಪ್ಪಿ, ಅವಳ ಎರಡು ತಿಂಗಳು ತಿಂದು, ಕೊನೆಗೆ ಆಗುವುದಿಲ್ಲ ಎಂದರು. ಆಗ ಊರಿಗೆ ಬಂದವಳು ಗಿರಣಿಯ ಬಾಗಿಲಲ್ಲಿ ನಿಂತು ನನ್ನನ್ನೂ ಮೋಟರನ್ನೂ ಒಂದೇ ಥರ ನೋಡಿದಳು. “ಅಜ್ಜಿ, ಇದೂ ಮಿಷಿನ್ನೇ ಅಲ್ವಾ?” ಎಂದಳು. ನನಗಾದ ಆನಂದಕ್ಕೆ ಎರಡು ಕೈಯಲ್ಲೂ ಹಿಟ್ಟಿದ್ದುದನ್ನು ಮರೆತು ಅವಳನ್ನು ತಬ್ಬಿಕೊಂಡೆ. ಅವಳ ಕಪ್ಪು ಅಂಗಿ ಅವತ್ತು ಒಬ್ಬಟ್ಟಿಗೆ ಅಣಿಯಾದಂತಿತ್ತು.

ಮೋಟರಿಗೆ ಅಂಗೈಯಷ್ಟಗಲದ ಒಂದು ಪೆಟ್ಟಿಗೆ ಅಂಟಿಸಿ, ನನ್ನ ಫೋನಿಗೂ ಅದರ ಸಂಬಂಧ ಕಟ್ಟಿಕೊಟ್ಟು ಹೋದಳು. ಗಿರಣಿ ಓಡಿದರೆ ಫೋನಿನಲ್ಲಿ ಒಂದು ಹಸಿರು ಗೆರೆ ಎದ್ದು ನಿಲ್ಲುತ್ತದೆ, ನಿಲ್ಲಿಸಿದರೆ ಮಲಗುತ್ತದೆ. ಇದೇ ಗೆರೆ ತುಮಕೂರಿನಲ್ಲಿ ಅವಳ ಕಂಪ್ಯೂಟರಿನಲ್ಲೂ ಏಳುತ್ತದೆ. “ನೀನು ಯಾವಾಗ್ಲೂ ಹೆಂಗೆ ಓಡುಸ್ತೀಯೋ ಹಂಗೇ ಓಡ್ಸು ಅಜ್ಜಿ, ಅಷ್ಟೇ” ಎಂದು ಹೇಳಿಯೇ ಹೋಗಿದ್ದಳು. ಆ ಮಾತನ್ನು ನಾನು ಕೇಳಿಸಿಕೊಂಡೆ. ಕೇಳುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ.

ಆಮೇಲೆ ನಾನು ನೆಲದ ಮೇಲೆ ನಡೆಯಲಿಲ್ಲ. ಹಾರನಹಳ್ಳಿಯ ಗೃಹಪ್ರವೇಶದಲ್ಲಿ, ಬೇಲೂರಿನ ಮದುವೆಯಲ್ಲಿ, ಅರಸೀಕೆರೆಯ ಹಲ್ಲಿನ ಡಾಕ್ಟರ ಬಾಗಿಲಲ್ಲಿ, ಎಲ್ಲೆಂದರಲ್ಲಿ ಫೋನು ತೆಗೆದು, “ನೋಡ್ರಿ, ನಾನಿಲ್ಲಿವ್ನಿ, ಅಲ್ಲಿ ನಮ್ ಸೊಸೆ ಮಿಲ್ಲು ಓಡುಸ್ತಾವ್ಳೆ” ಎಂದು ತೋರಿಸುತ್ತಿದ್ದೆ. ಡಾಕ್ಟರು ಬಾಯಿ ತೆಗೆಯಿರಿ ಎನ್ನುವ ಮೊದಲೇ ನನ್ನ ಬಾಯಿ ತೆರೆದಿರುತ್ತಿತ್ತು. ಹೀಗಿರುವಾಗ ಅರಸೀಕೆರೆ ಹತ್ತಿರದ ಗಂಡಸಿ ಊರಿನಿಂದ ನಮ್ಮ ನಾದಿನಿ ರುದ್ರಮ್ಮ ಬಂದಳು. ಅವಳ ಮೊಮ್ಮಗ ಆಫೀಸರಾಗುವ ಪರೀಕ್ಷೆಗೆ ಓದುತ್ತಿದ್ದಾನೆ. ಎಷ್ಟೋ ಜನ ಆಫೀಸರುಗಳು ರಿಟೈರಾದರು, ಅವನು ಇನ್ನೂ ಓದುತ್ತಿದ್ದಾನೆ. ರುದ್ರಮ್ಮ ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು.

“ಅಲ್ಲತ್ತಿಗೆ, ಅಷ್ಟೆಲ್ಲ ಓದಿ ಕೊನೆಗೆ ಈ ರಾಗಿ ಮಿಲ್ಗೇ ಬಂದ್ಲಾ ನಿನ್ ಮೊಮ್ಮಗ್ಳು?”

“ಮಿಲ್ಗೆ ಬಂದಿಲ್ಲ ಕಣೇ, ಮಿಲ್ಲೇ ಕಾಲೇಜ್ಗೋಗೈತೆ” ಎಂದು ಫೋನನ್ನು ಅವಳ ಮೂಗಿನ ಮುಂದೆ ಹಿಡಿದೆ. ನನ್ನ ಗ್ರಹಚಾರಕ್ಕೆ ಅದು ಊಟವಾದ ಹೊತ್ತು. ಆ ಹೊತ್ತಿನಲ್ಲಿ ಬೀಸಿಸಲು ಯಾರೂ ಬರುವುದಿಲ್ಲ.

“ಗೆರೆ ಮಲ್ಗೇ ಐತಲ್ಲತ್ತಿಗೆ. ಆಸ್ಪತ್ರೇಲಿ ಹಿಂಗೆ ಮಲಗಿದ್ರೆ ಹೊರಗಡೆ ಕೂತಿರೋರ್ನ ಒಳಿಕ್ಕೆ ಕರೀತಾರೆ” ಎಂದು ಹೇಳಿ, ಎಲೆ ಅಡಿಕೆ ಹಾಕಿಕೊಂಡು, ಬಸ್ಸು ಹತ್ತಿ ಹೋದಳು.

ನೀವೇ ಹೇಳಿ, ಸುಮ್ಮನಿರುವುದು ಹೇಗೆ. ಈ ಗೆರೆಯನ್ನು ಕಾಲೇಜಿನ ಮೇಷ್ಟ್ರುಗಳೆಲ್ಲ ನೋಡುತ್ತಾರೆ. ಮಧ್ಯಾಹ್ನವೆಲ್ಲ ಮಲಗಿರುವ ಗಿರಣಿಯ ಮೊಮ್ಮಗಳಿಗೆ ಮಾರ್ಕ್ಸು ಕೊಡುವ ಪುಣ್ಯಾತ್ಮ ಯಾರು? ಮಾರನೆಯ ದಿನ ಊಟ ಮುಗಿಸಿ, ಕಲ್ಲುಗಳು ಒಂದಕ್ಕೊಂದು ತಾಗದಂತೆ ಮೇಲಿನದನ್ನು ಎತ್ತಿಟ್ಟು, ಕಾಳಿಲ್ಲದೆ ಗಿರಣಿ ಹಾಕಿದೆ. ಗೆರೆ ಎದ್ದು ನಿಂತಿತು. ನನ್ನ ಎದೆಯೂ. ಅಂದಿನಿಂದ ದಿನಾ ಮಧ್ಯಾಹ್ನ ಎರಡು ಗಂಟೆಗಳ ಕಾಲ ನಮ್ಮ ಗಿರಣಿ ಭೋರ್ಗರೆಯುತ್ತ ಗಾಳಿ ಬೀಸಿತು. “ಏನ್ ಬೀಸ್ತಾ ಇದೀಯ?” ಎಂದು ಯಜಮಾನರು ಕೇಳಿದರೆ, “ಓದು” ಎಂದೆ.

ಸ್ವಲ್ಪ ದಿನ ಚೆನ್ನಾಗಿಯೇ ನಡೆಯಿತು. ಆಮೇಲೆ ಸಿಂಚನಾಳ ಫೋನು ಬಂತು. ಗಿರಣಿ ಓಡಿದ ಹೊತ್ತಿನ ಮೇಲೆ ಎಷ್ಟು ಹಿಟ್ಟಾಗಿರಬೇಕು ಎಂದು ಅವಳ ಕಂಪ್ಯೂಟರು ಲೆಕ್ಕ ಹಾಕಿತ್ತಂತೆ. ಗೈಡು ಅದನ್ನು ನೋಡಿ, ಜಾವಗಲ್ಲಿನ ಜನ ಮುದ್ದೆಯನ್ನು ತಿನ್ನುತ್ತಾರೋ ಅಥವಾ ಅದರಲ್ಲಿ ಮನೆ ಕಟ್ಟುತ್ತಾರೋ ಎಂದು ಕೇಳಿದರಂತೆ. “ಅಜ್ಜಿ, ಮಧ್ಯಾಹ್ನ ಅಷ್ಟೊಂದು ಗಿರಾಕಿ ಬರ್ತಾರಾ?” ಎಂದಳು. “ಲಗ್ನದ ಕಾಲ ಅಲ್ವೇನೇ, ಎಲ್ರೂ ಬತ್ತಾರೆ” ಎಂದೆ. ಧನುರ್ಮಾಸದಲ್ಲಿ ನಮ್ಮ ಕಡೆ ಯಾರೂ ಲಗ್ನ ಇಡುವುದಿಲ್ಲ ಎಂಬುದು ನನಗೆ ನೆನಪಾಗಲಿಲ್ಲ. ಅವಳಿಗೆ ಆಯಿತು.

ಹೇಳದೆ ಕೇಳದೆ ಬಂದಳು. ಬ್ಯಾಗು ಹೆಗಲಲ್ಲಿದ್ದಂತೆಯೇ ಗಿರಣಿಯೊಳಗೆ ನಿಂತಳು. ಗಿರಣಿ ಗುಡುಗುತ್ತಿತ್ತು. ಗಿರಾಕಿ ಎಂದು ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಮೂಲೆಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದೆ. “ಯಾರ ರಾಗಿ ಅಜ್ಜಿ?” ಎಂದಳು. ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ ಕಿವಿಗೆ ಕೈಯಿಟ್ಟೆ. ಅವಳು ನೆಟ್ಟಗೆ ಹೋಗಿ ಹಿಟ್ಟು ಬೀಳುವ ಬಟ್ಟೆಯ ಕೊಳವೆಯೊಳಗೆ ಕೈ ಹಾಕಿ, ಆಚೆ ತೆಗೆದು, ಅಂಗೈ ನೋಡಿಕೊಂಡಳು. ಸ್ವಿಚ್ಚು ಆರಿಸಿದಳು.

“ಯಾವತ್ತಿಂದ?”

“ಗಂಡಸಿ ಅಜ್ಜಿ ಬಂದೋದಾಗಿಂದ.”

“ಯಾಕಜ್ಜಿ?”

“ಗೆರೆ ಮಲಗಿರ್ತಿತ್ತಲ್ಲ ಮಗ.”

“ಮಲಗೋ ಹೊತ್ತಲ್ಲಿ ಮಲಗಲಿ. ನಾನು ಅದನ್ನೇ ತಾನೇ ಬರೀಬೇಕಾಗಿರೋದು” ಎಂದು ರಾಗಿ ಚೀಲದ ಮೇಲೆ ಕುಳಿತುಬಿಟ್ಟಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಮುಂದಿನ ತಿಂಗಳು ಒಪ್ಪಿಸಬೇಕಾದ ಕೆಲಸ. ಅರ್ಧಕ್ಕರ್ಧ ಸುಳ್ಳು ಲೆಕ್ಕ ಸೇರಿದೆ. ಮತ್ತೆ ಮೊದಲಿನಿಂದ ತೆಗೆಯಬೇಕೆಂದರೆ ಇನ್ನೂ ಆರು ತಿಂಗಳು, ಡಿಗ್ರಿ ಆಮೇಲೆ. ಇದಿಷ್ಟನ್ನೂ ಅವಳು ನನಗಲ್ಲ, ತಕ್ಕಡಿಗೆ ಹೇಳಿದಳು. ನಾನು ಉಪಾಯ ಹೇಳಿದೆ: “ಹೋಗ್ಲಿ ಬಿಡು, ನಾಳೆಯಿಂದ ಅಷ್ಟೇ ಹೊತ್ತು ಬಾಗ್ಲು ಹಾಕ್ಬಿಡ್ತೀನಿ. ಅದಕ್ಕಿದಕ್ಕೆ ಸರಿಹೋಗಲ್ವಾ?”

“ಅಜ್ಜಿ, ದಯವಿಟ್ಟು ನೀನೇನೂ ಮಾಡ್ಬೇಡ.”

ಯಜಮಾನರು ಬಂದವರು ವಿಷಯ ತಿಳಿದು, “ಊರೋರ ರಾಗಿ ಸಾಲ್ದು ಅಂತ ಆ ಮಗಿನ ಓದೂ ಬೀಸಾಕ್ಬಿಟ್ಯಲ್ಲೇ” ಎಂದರು. ನಮ್ಮ ಮದುವೆಯಾದ ಮೇಲೆ ಅವರು ಹೇಳಿದ ಮಾತುಗಳಲ್ಲಿ ಸರಿಯಾದದ್ದು ಅದೊಂದೇ ಇರಬೇಕು.

ಮಾರನೆಯ ಬೆಳಿಗ್ಗೆ ಸಿಂಚನಾ ಕಂಪ್ಯೂಟರು ಬಿಚ್ಚಿಕೊಂಡು ಗಿರಣಿಯಲ್ಲೇ ಕುಳಿತಳು. ಆ ಪೆಟ್ಟಿಗೆ ಗಿರಣಿ ಓಡಿದ ಹೊತ್ತನ್ನು ಮಾತ್ರವಲ್ಲ, ಮೋಟರು ಎಷ್ಟು ಕಷ್ಟಪಟ್ಟು ಎಳೆಯಿತು ಎಂಬುದನ್ನೂ ಬರೆದಿಟ್ಟಿರುತ್ತದಂತೆ. ಅದನ್ನು ಅವಳು ಅಲ್ಲಿಯವರೆಗೆ ತೆಗೆದು ನೋಡಿರಲಿಲ್ಲ. ನನ್ನಂಥ ಅಜ್ಜಿ ಇರುತ್ತಾಳೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲವಲ್ಲ. ತೆಗೆದು ನೋಡಿದವಳು ನಗತೊಡಗಿದಳು. “ಬಾ ಅಜ್ಜಿ ಇಲ್ಲಿ. ರಾಗಿ ಹಾಕಿದಾಗ ಹೆಂಗೆ ಎಳೀತಾ ಇದೆ ನೋಡು. ಇದು ನಿನ್ನ ಮಧ್ಯಾಹ್ನ. ಬರೀ ಕೆಲಸ ಮಾಡೋ ಥರ ಓಡಾಡ್ತಾ ಇದೆ.”

“ಗಂಡಸಿ ಅಜ್ಜಿ ಮದ್ವೆ ಮನೇಲಿ ಓಡಾಡೋ ಹಂಗೆ” ಎಂದೆ.

“ಅದೇ. ನಿನ್ನ ಕಳ್ಳತನ ಒಂದು ದಿನಾನೂ ಬಿಡದಂಗೆ ಸಿಕ್ಕಿದೆ.”

ಕೆಲಸ ಮಾಡುವ ಯಂತ್ರ ಯಾವುದು, ನಟಿಸುವ ಯಂತ್ರ ಯಾವುದು ಎಂದು ಹಿಡಿಯುವುದನ್ನೇ ಅವಳು ತನ್ನ ವಿಷಯ ಮಾಡಿಕೊಂಡಳು. ಗೈಡು ಹಿಗ್ಗಿ ಹೋದರಂತೆ. ಸಾಹೇಬರು ನೋಡಲು ಬರುವ ದಿನ ಖಾಲಿ ಯಂತ್ರ ಓಡಿಸಿ ತೋರಿಸುವುದು ದೊಡ್ಡ ದೊಡ್ಡ ಕಡೆಯಲ್ಲೂ ಉಂಟಂತೆ, ಲೆಕ್ಕ ಕೊಡಲು ಮಾತ್ರ ಯಾರೂ ಒಪ್ಪುವುದಿಲ್ಲವಂತೆ. ಇದನ್ನು ಕೇಳಿ ನನಗೆ ಬಹಳ ನೆಮ್ಮದಿಯಾಯಿತು. ಸೂಟು ಹಾಕಿದವರು ಎಷ್ಟೋ ಓದಿ ಕಲಿತ ವಿದ್ಯೆಯನ್ನು ನಾನು ಐದನೇ ಕ್ಲಾಸಿನ ಬಂಡವಾಳದಲ್ಲಿ ಒಂದು ಮಧ್ಯಾಹ್ನ ಕಲಿತಿದ್ದೆ. ಅಷ್ಟೇಕೆ, ಖಾಲಿ ಕುರ್ಚಿಯ ಮೇಲೆ ಫ್ಯಾನು ತಿರುಗುವ ಕಚೇರಿಗಳಲ್ಲಿ ನಾನು ಕಾದು ಕುಳಿತಿಲ್ಲವೇ. ಅಲ್ಲಿಗೂ ಒಂದು ಪೆಟ್ಟಿಗೆ ಅಂಟಿಸಬಾರದೇ ಎಂದೆ. “ಅಜ್ಜಿ, ನನಗೆ ಡಿಗ್ರಿ ಬೇಕು” ಎಂದಳು.

ಪರೀಕ್ಷೆ ಮಾಡುವ ದೊಡ್ಡ ಮೇಷ್ಟ್ರು ಬಂದ ದಿನ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಟ್ರಂಕಿನಲ್ಲಿ ಮಡಿಚಿಟ್ಟು ಮಡಿಕೆ ಬಿದ್ದ ರೇಷ್ಮೆ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕುಳಿತೆ. ಎಲ್ಲ ಇಂಗ್ಲಿಷು. ಗೋಡೆಯ ಮೇಲೆ ನನ್ನ ಮಧ್ಯಾಹ್ನಗಳು ಸಾಲಾಗಿ ಕೆಂಪು ಬಣ್ಣದಲ್ಲಿ ಮೂಡಿದವು. ದೊಡ್ಡ ಮೇಷ್ಟ್ರು ಏನೋ ಕೇಳಿದರು, ಸಿಂಚನಾ ನನ್ನ ಕಡೆ ಕೈ ತೋರಿಸಿ ಏನೋ ಹೇಳಿದಳು, ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಸನ್ಮಾನವಿರಬೇಕೆಂದು ಎದ್ದು ನಿಂತು ಕೈ ಮುಗಿದೆ. ಚಪ್ಪಾಳೆ ತಟ್ಟಿದರು. ವಾಪಸು ಬರುವಾಗ ರೈಲಿನಲ್ಲಿ, ಅವರು ಕೇಳಿದ್ದೇನು ಎಂದೆ. ಇಂಥ ಮೋಸ ಮಾಡಿದ ಕೆಲಸಗಾರರನ್ನು ಕೆಲಸದಿಂದ ತೆಗೆದಿರಾ ಎಂದು ಕೇಳಿದರಂತೆ. “ಆಗಲ್ಲ ಸರ್, ಓನರೂ ಅವರೇ ಅಂದೆ” ಎಂದಳು.

ಡಿಗ್ರಿ ಆಯಿತು. ನಮ್ಮ ಬೀದಿಗೆಲ್ಲ ಮೈಸೂರು ಪಾಕು ಹಂಚಿ, ಗಂಡಸಿಗೆ ನಾನೇ ತೆಗೆದುಕೊಂಡು ಹೋದೆ. ರುದ್ರಮ್ಮನಿಗೆ ಅಷ್ಟರಲ್ಲಿ ಎಲ್ಲ ತಿಳಿದಿತ್ತು. ಯಜಮಾನರು ತಂಗಿಗೆ ಫೋನು ಮಾಡುವುದು ಕಡಿಮೆ, ಮಾಡಿದರೆ ಇಂಥದ್ದಕ್ಕೇ. ಮೈಸೂರು ಪಾಕನ್ನು ಮುರಿದು ಬಾಯಿಗೆ ಹಾಕಿಕೊಂಡು, “ಅಂತೂ ಮೊಮ್ಮಗ್ಳು ನಿನ್ ಮರ್ವಾದೆ ತೆಗೆದು ಡಿಗ್ರಿ ತಗೊಂಡ್ಳು ಅನ್ನು” ಎಂದಳು.

“ಹೂಂ ಕಣೇ” ಎಂದೆ. ಬೇರೆಯವರು ಮಕ್ಕಳ ಓದಿಗೆ ಏನೇನೋ ಕೊಡುತ್ತಾರೆ. ನನ್ನ ಹತ್ತಿರ ಇದ್ದದ್ದು ಮರ್ಯಾದೆ, ಅದನ್ನೇ ಕೊಟ್ಟೆ. ಈಗ ಸಿಂಚನಾಳ ತಂಗಿಯೂ ಎಂಜಿನಿಯರಿಂಗ್ ಓದುತ್ತೇನೆ ಎನ್ನುತ್ತಿದ್ದಾಳೆ. ಓದಲಿ, ಇನ್ನೂ ಸ್ವಲ್ಪ ಮಿಕ್ಕಿದೆ.