ಅಂಗಡಿಯಲ್ಲಿ ಹಾಡಿ, ಬೇವಿನಲ್ಲಿ ಪ್ರಾಣ ಬಿಟ್ಟ ಕಾರ್ಬುರೇಟರಿನ ಕುರಿತು

ತಿಕೋಟಾ, ೧೯೬೬ರ ಬೇಸಿಗೆ

ವಿಜಾಪುರದ ಗಾಂಧಿ ಚೌಕದಲ್ಲಿ ವಿದೇಶಿ ಯಂತ್ರಗರಗಸ ಮಾರುವ ಶ್ರೀಯುತ ಅಂಬಾದಾಸರ ಸನ್ನಿಧಿಗೆ, ತಿಕೋಟಾದ ಕಟ್ಟಿಗೆ ವ್ಯಾಪಾರಿ ಫಕ್ರುದ್ದೀನನ ಬಾಗಿದ ತಲೆಯ ಸಲಾಮುಗಳು.

ಮಾನ್ಯರೇ,

ತಮ್ಮ ಅಂಗಡಿಯ ಕಟ್ಟೆಯ ಮೇಲೆ ಹಗ್ಗ ಎಳೆದೊಡನೆ ಆ ಯಂತ್ರ ಎಷ್ಟು ಇಂಪಾಗಿ ಕಿರುಚಿತೆಂದರೆ, ಟಾಂಗಾದ ಕುದುರೆಗಳೂ ಕಿವಿ ನಿಮಿರಿಸಿದವು. ನಾನು ನಿಂತಲ್ಲಿಯೇ ಮರುಳಾಗಿ ಕೊಂಡುಬಿಟ್ಟೆ. ಅದಕ್ಕೆ ಒಪ್ಪಿಸಿದ ಮೊದಲ ಕೆಲಸ, ನಮ್ಮೂರ ರೇಣವ್ವನ ಮನೆಯ ಪಕ್ಕ ಒಣಗಿ ನಿಂತಿದ್ದ ಬೇವಿನ ಮರ. ಯಂತ್ರವು ಕಾಂಡದ ನಡುವಿಗೆ ಬಂದು, ಎರಡು ಸಲ ಕೆಮ್ಮಿ, ಸುಮ್ಮನಾಯಿತು. ಮರ ಮಾತ್ರ ಸುಮ್ಮನಿರದೆ ಕರಕರ ಎನ್ನುತ್ತ ಆಕೆಯ ಮಾಳಿಗೆಯ ಕಡೆ ಬಾಗಿತು.

"ಸಾಬ್ರ, ಮಗಳು ಪರಸವ್ವ ಇವತ್ತೊ ನಾಳಿಯೊ ಹಡಿಯಾಕಿ ಅದಾಳ. ಈ ಗಿಡದ ಕೆಳಗ ಹ್ಯಾಂಗ ಮಲಗಸ್ಲಿರಿ?" ಎಂದು ರೇಣವ್ವ ಕೇಳಿದಳು. ಮರಕ್ಕೆ ಹಗ್ಗ ಬಿಗಿದು, ಬೆಣೆ ಬಡಿದು ಯಂತ್ರವನ್ನು ಬಿಡಿಸಿಕೊಂಡು, ಬಸ್ಸು ಹತ್ತಿ ತಮ್ಮಲ್ಲಿಗೆ ಓಡಿಬಂದೆ.

ತಾವು ಕಾರ್ಬುರೇಟರನ್ನು ಬಿಚ್ಚಿ, ಪೆಟ್ರೋಲಿನಲ್ಲಿ ಮೀಯಿಸಿ, ಒಳಗಿನ ತೆಳ್ಳನೆಯ ಪರದೆಯನ್ನು ಬದಲಿಸಿ, ಪೆಟ್ರೋಲು ಬಿಡುವ ಸ್ಕ್ರೂವನ್ನು ತಂಬೂರಿಗೆ ಶ್ರುತಿ ಹಿಡಿದಂತೆ ಬಿಗಿ ಮಾಡಿದಿರಿ. ಅದು ಮೊದಲಿಗಿಂತ ಸೊಗಸಾಗಿ ಹಾಡಿತು. ತಿಕೋಟಾದಲ್ಲಿ ಮರ ಮುಟ್ಟಿದೊಡನೆ ಮತ್ತೆ ಮೌನ. ಮರುದಿನ ಪುನಃ ಬಂದು, ದಯಮಾಡಿ ನಮ್ಮೂರಿಗೆ ಬಂದು ಮರಕ್ಕೆ ಹಚ್ಚಿ ನೋಡಬೇಕೆಂದು ಬೇಡಿಕೊಂಡೆ. ತಾವು ಎಲೆಯಡಿಕೆ ಮೆಲ್ಲುತ್ತ, "ಮಷೀನ ಭೇಷ ಐತ್ರಿ. ನಿಮ್ಮ ತಿಕೋಟಾದ ಗಾಳಿನ ಸರಿ ಇಲ್ಲ" ಎಂದಿರಿ.

ಈ ಜ್ಞಾನಕ್ಕೆ ನಾನು ಋಣಿ. ಆದ್ದರಿಂದ ತಾವು ಗಾಂಧಿ ಚೌಕದ ಉತ್ತಮ ಗಾಳಿಯನ್ನು ಡಬ್ಬಿಗಳಲ್ಲಿ ತುಂಬಿ ಬಸ್ಸಿಗೆ ಹಾಕಿಸಬೇಕು. ಅದಾಗದಿದ್ದರೆ ನಮ್ಮ ಸುತ್ತಿನ ಮರಗಳೆಲ್ಲ ತಮ್ಮ ಅಂಗಡಿಯ ಮುಂದೆ ಬಂದು ಸಾಲಾಗಿ ನಿಲ್ಲುವಂತೆ ಅಪ್ಪಣೆ ಕೊಡಿಸಬೇಕು.

ಆ ಎರಡನೆಯ ದಿನ ನಾನು ತಮ್ಮ ಕಟ್ಟೆಯ ಮೇಲೆ ಕುಳಿತಿದ್ದ ಹೊತ್ತಿಗೇ ಪರಸವ್ವನಿಗೆ ನೋವು ಶುರುವಾಗಿತ್ತು. ನನ್ನ ಹೆಂಡತಿ ಮಕ್ತುಮಬಿ ಆಕೆಯನ್ನು ತೋಳಲ್ಲಿ ಹಿಡಿದು ನಮ್ಮ ಮನೆಗೆ ನಡೆಸಿಕೊಂಡು ಬಂದಳಂತೆ. ನಾನು ಊರು ಮುಟ್ಟಿದಾಗ ರೇಣವ್ವ ನಮ್ಮ ಹೊಸ್ತಿಲಲ್ಲಿ ಕುಳಿತಿದ್ದಳು. ಆಕೆಯ ಒಂದು ಕಿವಿ ಒಳಗಿನ ನರಳಿಕೆಯ ಕಡೆ, ಇನ್ನೊಂದು ಮರದ ಕಡೆ. ಆಕೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಸಂಜೆಗೆ ಗಂಡುಮಗು ಹುಟ್ಟಿತು.

ಮರುದಿನ, ನಾನು ಹೇಳಿಕಳಿಸಿದ್ದ ಮರ ಕಡಿಯುವ ಧೂಳಪ್ಪ ಬಬಲೇಶ್ವರದಿಂದ ತನ್ನ ತಮ್ಮನೊಡನೆ ಬಂದು, ಇಬ್ಬರೂ ಕೈಗರಗಸ ಹಿಡಿದು, ಊರವರಿಂದ ಹಗ್ಗ ಎಳೆಸಿ, ಮರವನ್ನು ಬಯಲಿಗೆ ಕೆಡವಿದರು. ಗೋಡೆಗೆ ಒಂದು ಗೀರೂ ಬೀಳಲಿಲ್ಲ. ಅಷ್ಟೂ ಹೊತ್ತು ತಡೆದಿದ್ದ ಸಿಟ್ಟು ಆಗ ಉಕ್ಕಿತು. ಯಂತ್ರವನ್ನು ಬಿದ್ದ ಕಾಂಡಕ್ಕೆ ಒತ್ತಿ, ತಾವು ಬಿಗಿ ಮಾಡಿದ್ದ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದೆ. ದನಿ ಒಡೆದು ಗೊಗ್ಗರಾಯಿತು, ಹೊಗೆ ಬಂತು, ಆದರೆ ಗರಗಸ ಬೆಣ್ಣೆಗೆ ಇಳಿದಂತೆ ಇಳಿಯಿತು! ತಾವು ಚೆಂದದ ದನಿಗಾಗಿ ಪೆಟ್ರೋಲು ತಡೆದು ಅದನ್ನು ಉಪವಾಸ ಕೆಡವಿದ್ದಿರಿ, ಮಾನ್ಯರೇ. ಹಸಿದವನು ಹಾಡಿಯಾನು, ದುಡಿಯಲಾರ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಫಕ್ರುದ್ದೀನ

ತಾ.ಕ.: ಕೂಸು ನಮ್ಮ ಮನೆಯಲ್ಲಿ ಹುಟ್ಟಲು ತಾವೇ ಕಾರಣರಾದ್ದರಿಂದ, ಅದಕ್ಕೆ ಅಂಬಾದಾಸನೆಂದು ಹೆಸರಿಡಬಹುದೆಂದು ಸೂಚಿಸಿದೆ. ರೇಣವ್ವ ಒಪ್ಪಲಿಲ್ಲ. "ಬ್ಯಾಡ್ರಿ ಸಾಬ್ರ," ಎಂದಳು, "ಕರದ್ರ ಬರೂ ಮೊಮ್ಮಗ ಬೇಕ್ರಿ ನಮಗ."