ಸ್ಕಾಟ್ಲೆಂಡಿನ ಚೌಕಳಿ ಮತ್ತು ಮುಸಫ್ಫಾದ ಬಸ್ಸು

ಐತಿಹಾಸಿಕ ಕಾದಂಬರಿ ಬರೆಯುವವನಿಗೆ ಮೊದಲು ಬೇಕಾದದ್ದು ಧೈರ್ಯ. ಎರಡನೆಯದು, ಆ ದೇಶದವರು ಯಾರೂ ತನ್ನ ಪುಸ್ತಕ ಓದಲಾರರು ಎಂಬ ನಂಬಿಕೆ. ನನಗೆ ಎರಡೂ ಧಾರಾಳವಾಗಿದ್ದವು. ಇಲ್ಲದಿದ್ದರೆ ದುಬೈನ ಸತ್ವಾದಲ್ಲಿ ಕೂತು, ಕಣ್ಣಾರೆ ಕಾಣದ ಸ್ಕಾಟ್ಲೆಂಡಿನ ಮಂಜಿನ ಬಗ್ಗೆ ಕನ್ನಡದಲ್ಲಿ ನಾನೂರು ಪುಟ ಬರೆಯುವ ಸಾಹಸ ಯಾರು ಮಾಡುತ್ತಾರೆ? "ನಮ್ಮ ಮೈಸೂರಲ್ಲಿ ರಾಜರಿಗೇನು ಬರಗಾಲವಾ?" ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಹತ್ತಿರದ ರಾಜರ ಬಗ್ಗೆ ತಪ್ಪು ಬರೆದರೆ ಜನ ಹಿಡಿದುಬಿಡುತ್ತಾರೆ ಎಂಬ ಗುಟ್ಟನ್ನು ಅವಳಿಗೆ ಹೇಳಲಿಲ್ಲ.

ನನಗೊಬ್ಬ ಕೇಳುಗನೂ ಇದ್ದ. ಅಬುಧಾಬಿಯ ಮುಸಫ್ಫಾದಲ್ಲಿರುವ ನಮ್ಮ ವರ್ಕ್‌ಶಾಪಿಗೆ ದಿನಾ ಕಂಪನಿ ಬಸ್ಸಿನಲ್ಲಿ ಹೋಗಬೇಕು. ಉಗ್ರಾಣದಲ್ಲಿ ಕೆಲಸ ಮಾಡುವ ಉಳ್ಳಾಲದ ಇಕ್ಬಾಲ್ ನನಗಿಂತ ಮೊದಲೇ ಹತ್ತಿ, ಪಕ್ಕದ ಸೀಟು ಹಿಡಿದಿಟ್ಟಿರುತ್ತಾನೆ. ಆರು ವರ್ಷ ದಾರಿಯುದ್ದಕ್ಕೂ ನಾನು ಓದಿದೆ, ಅವನು ಕೇಳಿದ. ರಣರಂಗದ ಮಂಜಿನಲ್ಲಿ ಕತ್ತಿ ಎತ್ತಿದ ಅಣ್ಣ, ಎದುರಾಳಿಯ ಮೈಮೇಲಿದ್ದ ತನ್ನದೇ ಮನೆತನದ ಚೌಕಳಿ ಬಟ್ಟೆ ನೋಡಿ ಇವನು ನನ್ನ ತಮ್ಮನೆಂದು ಗುರುತಿಸುವ ಅಧ್ಯಾಯದಲ್ಲಿ ಇಕ್ಬಾಲ್ ಅತ್ತೇಬಿಟ್ಟಿದ್ದ. "ತಮ್ಮ ಉಳಿದನಲ್ಲ ಸಾರ್, ಅಷ್ಟು ಸಾಕು," ಎಂದಿದ್ದ.

ಮಂಗಳೂರಿನ ಪ್ರಕಾಶಕರಿಗೆ ಹಸ್ತಪ್ರತಿ ಕಳಿಸುವ ವಾರ ನನಗೆ ದುರ್ಬುದ್ಧಿ ಬಂತು. ಚಹಾದ ಹೊತ್ತಿನಲ್ಲಿ ನಮ್ಮ ಸೇಫ್ಟಿ ಮ್ಯಾನೇಜರ್ ಆಂಗಸ್‌ಗೆ ಕಥೆ ಹೇಳಿದೆ. ಅವನು ಅಸಲಿ ಸ್ಕಾಟ್ಲೆಂಡಿನವನು. ಸಮೋಸ ಕಚ್ಚುತ್ತಾ ನಕ್ಕ. ಮನೆತನಕ್ಕೊಂದು ಚೌಕಳಿ ಎಂಬ ಕ್ರಮವೆಲ್ಲ ಆ ಯುದ್ಧಗಳು ಮುಗಿದು ಎಷ್ಟೋ ಕಾಲದ ಮೇಲೆ ಬಂದದ್ದಂತೆ. ಆಗ ಯಾರಿಗೆ ಯಾವ ಬಟ್ಟೆ ಸಿಕ್ಕಿತೋ ಅದನ್ನೇ ಸುತ್ತಿಕೊಳ್ಳುತ್ತಿದ್ದರಂತೆ! ನನಗೆ ಸಿಡಿಲು ಬಡಿದಂತಾಯಿತು. "ಮನೆತನಗಳಾದರೂ ಇದ್ದವೋ?" ಎಂದು ತೊದಲಿದೆ. "ಇದ್ದವು, ಗಾಬರಿಯಾಗಬೇಡ," ಎಂದು ಬೆನ್ನು ತಟ್ಟಿದ.

ಮರುದಿನ ಬಸ್ಸಿನಲ್ಲಿ ಇಕ್ಬಾಲನಿಗೆ ವಿಷಯ ತಿಳಿಸಿದೆ. ಗುರುತೇ ಸಿಗದ ಮೇಲೆ ಅಣ್ಣನ ಕತ್ತಿ ನಿಲ್ಲುವಂತಿಲ್ಲ, ಚರಿತ್ರೆಗೆ ನಿಷ್ಠನಾಗಿ ತಮ್ಮನನ್ನು ಸಾಯಿಸುತ್ತೇನೆ ಎಂದೆ.

ಅವನ ಮುಖ ಬಿಳಚಿಕೊಂಡಿತು. "ಎಂತ ಸಾರ್ ನೀವು! ಬಟ್ಟೆ ಸರಿ ಇಲ್ಲಾಂತ ತಮ್ಮನನ್ನು ಕೊಲ್ಲೂದಾ?"

"ಮತ್ತೆ ಆ ಮಂಜಿನಲ್ಲಿ ಗುರುತು ಹಿಡಿಯುವುದು ಹೇಗಯ್ಯಾ?"

"ನನ್ನ ತಮ್ಮ ಒಬ್ಬ ಮುಹೈಸ್ನಾದ ಲೇಬರ್ ಕ್ಯಾಂಪಲ್ಲಿ ಇದ್ದಾನೆ. ಶನಿವಾರ ಸಂಜೆ ನಾನು ಗೇಟಲ್ಲಿ ನಿಲ್ತೇನೆ. ಹತ್ತು ಬಸ್ಸು ಬರ್ತದೆ. ಎಲ್ಲರದ್ದೂ ಒಂದೇ ನೀಲಿ ಯೂನಿಫಾರ್ಮು, ಧೂಳಿಗೆ ಮುಖಕ್ಕೂ ಬಟ್ಟೆ ಕಟ್ಟಿರ್ತಾರೆ. ಆದ್ರೂ ದೂರದಿಂದಲೇ ಗೊತ್ತಾಗ್ತದೆ. ನಡೆಯೂದು ನೋಡಿದ್ರೆ ಸಾಕು. ಸಣ್ಣದಿರುವಾಗ ಕೈ ಹಿಡಿದು ನಡೆಸಿದ್ದು ನಾನಲ್ವಾ? ಯಲ್ಲಾ, ಬೇಗ ಬರೀರಿ ಸಾರ್."

ಸ್ಕಾಟ್ಲೆಂಡಿನ ಇಷ್ಟೊಂದು ಅಣ್ಣತಮ್ಮಂದಿರ ಜಾತಕ ಬಲ್ಲ ನನಗೆ ಇವನಿಗೊಬ್ಬ ತಮ್ಮನಿದ್ದಾನೆಂದೇ ಗೊತ್ತಿರಲಿಲ್ಲ. ಅಲ್ಲೇ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದೆ: ಮಂಜಿನಲ್ಲಿ ಬರುತ್ತಿದ್ದವನ ನಡಿಗೆ ಕಂಡು ಅಣ್ಣನ ಕೈ ನಿಂತಿತು. ಇಕ್ಬಾಲ್ ಓದಿಸಿಕೊಂಡು ಸಮಾಧಾನದ ಉಸಿರು ಬಿಟ್ಟ.

ಮುಸಫ್ಫಾದಲ್ಲಿ ಎಂದಿನಂತೆ ನಾನೇ ಮೊದಲು ಇಳಿದೆ. ಆಫೀಸಿನಲ್ಲಿ ಬೆರಳೊತ್ತಿ ಹಾಜರಿ ಹಾಕಿ ಹೊರಬಂದಾಗ, ಅವನಿಗೊಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲವಲ್ಲ ಎಂದು ನೆನಪಾಯಿತು. ನಮ್ಮ ಕಂಪನಿಯ ಬೂದು ಅಂಗಿ ತೊಟ್ಟ ಐವತ್ತು ಬೆನ್ನುಗಳು ವರ್ಕ್‌ಶಾಪಿನ ಗೇಟಿನತ್ತ ಹೋಗುತ್ತಿದ್ದವು. ಒಂದೊಂದೇ ನಡಿಗೆಯನ್ನು ಗಮನವಿಟ್ಟು ನೋಡಿದೆ. ಕೊನೆಗೆ ಇವನೇ ಎಂದು ನಿಶ್ಚಯಿಸಿ, "ಇಕ್ಬಾಲ್!" ಎಂದು ಕೂಗಿ ಕೈ ಬೀಸಿದೆ. ಅವನು ತಿರುಗಿದ. ವೆಲ್ಡಿಂಗ್ ವಿಭಾಗದ ನೇಪಾಳಿ. ಪಾಪ, ಅವನೂ ಕೈ ಬೀಸಿದ.