ಮೂರು ಬ್ಯೂಟಿ ಸ್ಕೂಲು, ಒಂದು ತಟ್ಟೆ ಕೇಸರಿಬಾತು

ನಾನು ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತರೂ ಪೇಚಿನ ಪ್ರಸಂಗಗಳು ನನ್ನ ಮನೆ ಕೇಳಿಕೊಂಡು ಬರುತ್ತವೆ. ಬಂದವರಿಗೆಲ್ಲ ಇವನ್ನು ಹೇಳುತ್ತಿದ್ದವಳು ನನ್ನ ಹೆಂಡತಿ. ನಾನು ಪಕ್ಕದಲ್ಲಿ ಪೇಪರ್ ಓದುತ್ತಿದ್ದೆ. ಈಗ ಆಕೆ ಇಲ್ಲ. ಪೇಪರ್ ಮುಗಿದ ಮೇಲೂ ಹೊತ್ತು ಉಳಿಯುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಹುಬ್ಬಳ್ಳಿ ಕಡೆಯಿಂದ ಬಂದು ಯಶವಂತಪುರದ ಒಂದು ವಠಾರದಲ್ಲಿದ್ದೆವು. ನನಗೆ ಕಾರ್ಖಾನೆಯಲ್ಲಿ ಕೆಲಸ. ವಠಾರದಲ್ಲಿ ಯಾರ ಮದುವೆಯಾದರೂ ಹೆಣ್ಣಿಗೆ ಮೊಗ್ಗಿನ ಜಡೆ ಹಾಕುವವಳು ನನ್ನ ಹೆಂಡತಿ. ಒಂದು ಮದುವೆಗೆ ದಂಡು, ಅಂದರೆ ಕಂಟೋನ್ಮೆಂಟ್ ಕಡೆಯಿಂದ ಬ್ಯೂಟಿ ಪಾರ್ಲರಿನವಳೊಬ್ಬಳು ಬಂದಳು. ಪೆಟ್ಟಿಗೆ ತೆರೆದಳು. ನನ್ನ ಹೆಂಡತಿ ಊಟಕ್ಕೂ ಏಳದೆ ಆ ಪೆಟ್ಟಿಗೆಯನ್ನೇ ನೋಡುತ್ತ ಕೂತಳು. ಮನೆಗೆ ಬಂದವಳೇ, "ನಾ ಇದನ್ನ ಕಲೀಬೇಕ್ರಿ" ಎಂದಳು.

ನಾನು ಕಾಫಿ ಕುಡಿದು ಮುಗಿಸಿದೆ.

"ಕಲ್ತು ಬೋರ್ಡ್ ಹಾಕ್ತೀನ್ರಿ. ನನ್ನ ಹೆಸರಿಂದು."

ದಂಡಿನ ಕಡೆಯ ಸ್ಕೂಲುಗಳಲ್ಲಿ ಪಾಠ ಇಂಗ್ಲಿಷಿನಲ್ಲಿ. ಆಕೆ ಓದಿದ್ದು ಏಳನೇ ಇಯತ್ತೆ, ಕನ್ನಡದಲ್ಲಿ. ಹಾಗಾಗಿ ನಮ್ಮ ಕಡೆಯೇ ಹುಡುಕಬೇಕು. "ಮೂರು ಸ್ಕೂಲು ನೋಡೋಣು. ಸರಿಹೋಗಲಿಲ್ಲಂದ್ರ ಮತ್ತ ಆ ಮಾತು ಬ್ಯಾಡ" ಎಂದೆ. ಆ ತಿಂಗಳಲ್ಲಿ ನಾನು ಆಡಿದ ಅತಿ ಉದ್ದದ ಮಾತು ಅದು.

೧. ಕಾಡಿಗೆ ಪಾಠ

ಮೊದಲ ಸ್ಕೂಲು ಮಾರ್ಕೆಟ್ ಯಾರ್ಡಿನ ಹತ್ತಿರ, ಮಹಡಿಯ ಮೇಲೆ. ಒಳಗೆ ಹೋದರೆ ಸಾಲಾಗಿ ಕೂತ ಹುಡುಗಿಯರೆಲ್ಲ ಅಳುತ್ತಿದ್ದಾರೆ. ಕಣ್ಣಿಗೆ ಹಚ್ಚಿದ ಕಾಡಿಗೆ ಕೆನ್ನೆ ದಾಟಿ ಗಲ್ಲಕ್ಕೆ ಇಳಿದಿದೆ. ನನ್ನ ಹೆಂಡತಿ ಮುಂದಿದ್ದವಳ ತಲೆ ಸವರಿದಳು.

"ಯಾಕವ್ವಾ, ಟೀಚರ್ ಬೈದ್ರೇನು?"

ಟೀಚರಮ್ಮ ತಾನೂ ಕಣ್ಣೊರೆಸಿಕೊಂಡು, "ಅಯ್ಯೋ, ಯಾರೂ ಅಳ್ತಿಲ್ಲ ಕಣ್ರೀ. ಕೆಳಗಡೆ ಮೆಣಸಿನಕಾಯಿ ಗೋಡೌನು. ಲೋಡ್ ಇಳಿಸೋ ದಿನ ಸ್ವಲ್ಪ ಹಿಂಗೇ" ಎಂದಳು.

"ಯಾವ್ಯಾವ ದಿನ ಇಳಿಸ್ತಾರ?" ಎಂದೆ.

"ದಿನಾ."

ನಾನು ಸೀನತೊಡಗಿದೆ. ಆಕೆಗೆ ಚಿಕ್ಕಂದಿನಿಂದ ಉಬ್ಬಸ. ಕೆಮ್ಮು ಶುರುವಾಯಿತು. ಆದರೂ ಬಾಗಿಲಲ್ಲಿ ನಿಂತು ಗೋಡೆಯ ಕನ್ನಡಿಗಳನ್ನು ನೋಡುತ್ತಲೇ ಇದ್ದಳು. ರಟ್ಟೆ ಹಿಡಿದು ಕರೆದುಕೊಂಡು ಬರಬೇಕಾಯಿತು. ಮೆಟ್ಟಿಲಿಳಿಯುವಾಗ ಟೀಚರಮ್ಮ ಮೇಲಿನಿಂದ ಕೂಗಿದಳು:

"ಒಂದ್ ನಿಮಿಷ ಸಾರ್! ಮೂಲೇಲಿ ಕೂತಿದ್ದ ಆ ಹುಡುಗೀನ ನೋಡಿದ್ರಾ? ಎಲ್ಲರಿಗಿಂತ ಜಾಸ್ತಿ ಕಣ್ಣೀರು, ಕಾಡಿಗೆ ಒಂಚೂರೂ ಕದಲಿಲ್ಲ. ಅವ್ಳು ಪಾಸಾಗಿದ್ದಾಳೆ!"

೨. ಹೆಬ್ಬಾಳದ ಬಸ್ಸು

ಎರಡನೆಯದು ಹೆಬ್ಬಾಳದಲ್ಲಿ. ಕೈ ಹೇಗಿದೆ ನೋಡಿ ಸೇರಿಸಿಕೊಳ್ಳುತ್ತಾರಂತೆ. ಲೇಪ ಹಚ್ಚಿ ತೋರಿಸಲು ಒಂದು ಮುಖವನ್ನು ನಾವೇ ಕರೆದುಕೊಂಡು ಹೋಗಬೇಕು. ವಠಾರದ ಹೆಂಗಸರನ್ನೆಲ್ಲ ಕೇಳಿದಳು. ಒಬ್ಬರಿಗೆ ಮಡಿ, ಒಬ್ಬರಿಗೆ ಅತ್ತೆ, ಒಬ್ಬರಿಗೆ ನೆಗಡಿ. ಕೊನೆಗೆ ಉಳಿದದ್ದು ನನ್ನ ಮುಖ.

ಅಲ್ಲಿನ ಟೀಚರು ನನ್ನ ಮೀಸೆ ನೋಡಿ, "ಗಂಡಸರಾ?" ಎಂದಳು.

"ಚರ್ಮ ಚರ್ಮನ ಅಲ್ಲೇನ್ರೀ" ಎಂದು ನನ್ನ ಹೆಂಡತಿ ಮುಲ್ತಾನಿ ಮಿಟ್ಟಿ ಕಲಸಿದಳು.

ಹಣೆಯಿಂದ ಕಿವಿಯವರೆಗೆ, ಮೂಗಿನ ಪಕ್ಕದಿಂದ ಗಲ್ಲದವರೆಗೆ ಆಕೆಯ ಬೆರಳು ಹೋದವು. ಮನೆಯಲ್ಲಿ ಆಕೆಗೆ ಒಲೆ, ನನಗೆ ಶಿಫ್ಟು. ಆಕೆ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅವತ್ತೇ. "ಕಣ್ಣು ಮುಚ್ಚರಿ" ಎಂದಳು. ನಾನು ಮುಚ್ಚಲಿಲ್ಲ.

ಲೇಪ ಒಣಗಿತು. ಟೀಚರು ನಲ್ಲಿ ತಿರುಗಿಸಿದಳು. ನಲ್ಲಿ ಗೊರಗೊರ ಎಂದಿತು, ನೀರು ಬರಲಿಲ್ಲ.

"ನೀರು ನಿಂತೋಯ್ತು. ಇನ್ನು ನಾಳೆ ಬೆಳಿಗ್ಗೇನೇ" ಎಂದಳು.

"ಕೊಡದಾಗ ಒಂದು ಚೊಂಬು ಐತಲ್ರೀ" ಎಂದಳು ನನ್ನ ಹೆಂಡತಿ.

"ಅದು ಕಾಫಿಗೆ."

ನೀರಿಲ್ಲದ ಸ್ಕೂಲಿನಲ್ಲಿ ಮುಖದ ಕೆಲಸ ಕಲಿಯುವುದು ಹೇಗೆ? ಎದ್ದೆವು. ಒಣ ಬಟ್ಟೆಯಲ್ಲಿ ಉಜ್ಜಿದರೆ ಮಣ್ಣು ಬಿಡಲೊಲ್ಲದು. ಮುಖ ಗಾರೆ ಹಾಕಿದ ಗೋಡೆಯ ಹಾಗೆ ಬಿಗಿದಿತ್ತು. ತುಟಿ ಅಲ್ಲಾಡಿಸಲು ಆಗುತ್ತಿರಲಿಲ್ಲ. ಹಾಗೇ ಬಸ್ಸು ಹತ್ತಿದೆ. ಹೆಂಗಸರ ಸೀಟಿನಲ್ಲಿ ಮಗು ಒಂದು ನನ್ನನ್ನು ನೋಡಿ ಕಿರುಚಿತು.

ಕಂಡಕ್ಟರ್ ಬಂದ. "ಎಲ್ಲಿಗ್ ಸಾರ್?"

ನಾನು ಕೈ ತೋರಿಸಿದೆ.

"ಎಲ್ಲಿಗೆ ಅಂತ ಬಾಯ್ ಬಿಟ್ ಹೇಳಿ ಗುರುವೇ."

ಮತ್ತೆ ಕೈ ತೋರಿಸಿದೆ. ಅವನು ಮುಂದೆ ಕೂತಿದ್ದ ನನ್ನ ಹೆಂಡತಿಯ ಕಡೆ ತಿರುಗಿ ಮೆತ್ತಗೆ ಕೇಳಿದ: "ಪಾಪ, ಯಜಮಾನ್ರಿಗೆ ಮಾತ್ ಬರಲ್ವೇನಮ್ಮ? ಯಾವಾಗಿಂದ?"

"ಲಗ್ನ ಆದಾಗಿಂದ ಹಿಂಗ ಅದಾರ್ರಿ" ಎಂದಳು.

೩. ಹಸಿರು ಗೇಟು

ಮೂರನೆಯದೇ ಕೊನೆಯದು. ಆರ್‌.ಟಿ. ನಗರದಲ್ಲಿ ಒಬ್ಬ ಹೆಂಗಸು ಮನೆಯಲ್ಲೇ ಕಲಿಸುತ್ತಾಳೆ, ಕನ್ನಡದಲ್ಲಿ. ಒಂದೇ ಸೀಟು ಉಳಿದಿದೆ, ಭಾನುವಾರ ಹತ್ತು ಗಂಟೆಗೆ ಬರಬೇಕು, ಹಸಿರು ಗೇಟಿನ ಮನೆ ಎಂದು ವಠಾರದವರು ಹೇಳಿದರು. ಗುರುವಿನ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂದು ನನ್ನ ಹೆಂಡತಿ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಹೂವು, ಎಲೆ ಅಡಿಕೆ ಇಟ್ಟುಕೊಂಡಳು. ನಾನು ಇಸ್ತ್ರಿ ಶರ್ಟು ಹಾಕಿದೆ.

ಹಸಿರು ಗೇಟು ಸಿಕ್ಕಿತು. ಮನೆಯ ಯಜಮಾನರು ಗೇಟಿನಲ್ಲೇ ನಿಂತಿದ್ದರು.

"ಸರಿಯಾದ ಹೊತ್ತಿಗೆ ಬಂದೀವೇನ್ರಿ?" ಎಂದಳು ನನ್ನ ಹೆಂಡತಿ.

"ಹುಬ್ಬಳ್ಳಿ ಕಡೆಯವರಲ್ವಾ? ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ವಿ!"

ಕೂರಿಸಿದರು. ಕೇಸರಿಬಾತು ಕೊಟ್ಟರು, ಬಜ್ಜಿ ಕೊಟ್ಟರು. "ಎಂಥಾ ಛಲೋ ಸ್ಕೂಲ್ ನೋಡ್ರಿ" ಎಂದು ಆಕೆ ನನ್ನ ಕಿವಿಯಲ್ಲಿ ಹೇಳಿದಳು. ಅಷ್ಟರಲ್ಲಿ ರೇಷ್ಮೆ ಸೀರೆ ಉಟ್ಟ ಹುಡುಗಿಯೊಬ್ಬಳು ಕಾಫಿ ಹಿಡಿದು ಬಂದಳು. ಸ್ಕೂಲಿನ ಹುಡುಗಿಯೇ ಇರಬೇಕು, ಕೆಲಸ ತೋರಿಸಲು ಸಿಂಗರಿಸಿ ಕಳಿಸಿದ್ದಾರೆ ಎಂದುಕೊಂಡೆವು.

ನನ್ನ ಹೆಂಡತಿ ಎದ್ದು ಹುಡುಗಿಯ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. "ಹುಬ್ಬು ಯಾರು ತಿದ್ದಿದ್ದು?"

"ನಾನೇ" ಎಂದಳು ಹುಡುಗಿ.

"ಎಡಗಡೀದು ದಪ್ಪ ಆಗೇತಿ. ಜಡೀನೂ ಸಡ್ಲ ಐತಿ. ಕುಂದರು."

ಜಡೆ ಬಿಚ್ಚಿ ಮತ್ತೆ ಹೆಣೆದಳು. ಹುಡುಗಿಯ ತಾಯಿ ಬೆರಗಾಗಿ ನಿಂತರು. ಯಜಮಾನರು ನನ್ನನ್ನು ಕೇಳಿದರು: "ಹೇಗೆ, ನಿಮಗೆ ಒಪ್ಪಿಗೇನಾ?"

ಮೆಣಸಿನಕಾಯಿ ಇರಲಿಲ್ಲ. ಹಿತ್ತಲಲ್ಲಿ ನೀರಿನ ತೊಟ್ಟಿ ತುಂಬಿತ್ತು. "ಒಪ್ಪಿಗೆ" ಎಂದೆ.

ಸಕ್ಕರೆ ಬಂತು. ಯಜಮಾನರು ಕುರ್ಚಿ ಹತ್ತಿರ ಎಳೆದು ದನಿ ತಗ್ಗಿಸಿದರು. "ಇನ್ನು ಕೊಡೋದು ತಗೊಳ್ಳೋದು..."

"ಕೊಡೋದು ನಾವ್ರಿ" ಎಂದೆ. "ಕಂತಿನ್ಯಾಗ ಕೊಡ್ತೀವಿ."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಕೇಳಿದ್ಯೇನೇ? ಹುಡುಗನ ಕಡೆಯವರೇ ಕೊಡ್ತಾರಂತೆ!"

"ಯಾವ ಹುಡುಗ?" ಎಂದಳು ನನ್ನ ಹೆಂಡತಿ.

ಗೇಟಿನ ಹೊರಗೆ ಒಂದು ಕಾರು ನಿಂತಿತು. ಹುಬ್ಬಳ್ಳಿಯ ಅಸಲಿ ಬೀಗರು ಒಬ್ಬೊಬ್ಬರಾಗಿ ಇಳಿಯತೊಡಗಿದರು. ಬಾಯಲ್ಲಿದ್ದ ಸಕ್ಕರೆಯನ್ನು ನುಂಗುವುದೋ ಉಗುಳುವುದೋ ನನಗೆ ತಿಳಿಯಲಿಲ್ಲ.

೪. ತಮ್ಮ ಇದ್ದಾನಾ?

"ಸ್ಕೂಲು ಪಕ್ಕದ ಮನೆ ಕಣ್ರೀ" ಎಂದರು ಯಜಮಾನರು, ಬೆವರೊರೆಸಿಕೊಳ್ಳುತ್ತ. "ಎರಡೂ ಮನೆ ನಮ್ಮವೇ. ಬಣ್ಣ ಉಳೀತು ಅಂತ ಅವರ ಗೇಟಿಗೂ ಅದನ್ನೇ ಹೊಡೆಸಿದ್ದೆ."

ಪಕ್ಕದ ಮನೆಗೆ ಓಡಿದೆವು. ಕಲಿಸುವ ಹೆಂಗಸು ಬಾಗಿಲಿಗೆ ಬಂದಳು. "ಹತ್ತು ಗಂಟೆ ಅಂದಿದ್ದೆ ಅಲ್ವಾ? ಈಗ್ತಾನೇ ಇನ್ನೊಬ್ರು ಬಂದು ಸೇರ್ಕೊಂಡ್ರು. ಮುಂದಿನ ವರ್ಷ ಬನ್ನಿ."

ಮೂರೂ ಮುಗಿದವು. ಆಕೆ ಕಾಂಪೌಂಡಿನಲ್ಲಿ ನಿಂತು ಕಿಟಕಿಯೊಳಗೆ ನೋಡುತ್ತಿದ್ದಳು. ಒಳಗೆ ಒಬ್ಬಳು ಇನ್ನೊಬ್ಬಳ ಕೂದಲಿಗೆ ಬಾಚಣಿಗೆ ಇಡುತ್ತಿದ್ದಳು. ಆ ಬಾಚಣಿಗೆ ಇಳಿದಂತೆಲ್ಲ ಆಕೆಯ ಬೆರಳು ಗಾಳಿಯಲ್ಲಿ ಇಳಿಯುತ್ತಿದ್ದವು. ನಾಲ್ಕನೆಯದೂ ನೋಡೋಣ ಎಂದು ಹೇಳಲು ಆಕೆಯ ಹತ್ತಿರ ಹೋದೆ.

ಆಗ ಯಜಮಾನರು ಓಡಿ ಬಂದರು. ಏದುಸಿರು.

"ಯಜಮಾನ್ರೇ, ನಿಮಗೆ ಮದುವೆ ಆಗ್ದಿರೋ ತಮ್ಮ ಯಾರಾದ್ರೂ ಇದ್ದಾನಾ?"

"ಯಾಕ್ರಿ?"

"ಅವ್ರು ಸ್ಕೂಟರ್ ಕೇಳ್ತಿದ್ದಾರೆ ಕಣ್ರೀ! ಕೊಡಲ್ಲ ಅಂದೆ, ಎದ್ದು ಹೋದ್ರು. ನಿಮ್ಮಂಥ ಮನೆ ಎಲ್ಲಿ ಸಿಗತ್ತೆ!"

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಕಿಟಕಿಯಿಂದ ತಿರುಗಿದಳು. "ತಮ್ಮ ಇಲ್ರಿ. ಆದ್ರ ಇವರ ಕಾರ್ಖಾನಿ ತುಂಬ ಹುಡುಗರದಾರ. ಏನೂ ಕೇಳಲಾರದ ಹುಡುಗನ್ನ ಇವರು ಹುಡುಕಿ ಕೊಡ್ತಾರ. ನೀವು ನಿಮ್ಮ ಬಾಡಿಗೆಯವ್ರಿಗೆ ಹೇಳಿ ನನಗೊಂದು ಸೀಟ್ ಕೊಡಸ್ರಿ."

ಮನೆ ಓನರು ಹೇಳಿದ ಮೇಲೆ ಇನ್ನೊಂದು ಸ್ಟೂಲು ಬಿತ್ತು. ಸೋಮವಾರದಿಂದ ಆಕೆ ಕ್ಲಾಸಿಗೆ ಹೋದಳು, ನಾನು ಗಂಡು ಹುಡುಕಲು ಹೊರಟೆ. ಕಾರ್ಖಾನೆಯಲ್ಲಿ ಒಬ್ಬ, "ಸ್ಕೂಟರ್ ಬೇಡ ಗುರು, ಸೈಟ್ ಸಾಕು" ಎಂದ. ಇನ್ನೊಬ್ಬ ತಾಯಿಯನ್ನು ಕೇಳಿ ಎಂದ. ತಾಯಿ ಸ್ಕೂಟರಿನ ಜೊತೆಗೆ ಫ್ರಿಜ್ ಸೇರಿಸಿದಳು. ನನ್ನ ಹೆಂಡತಿಯ ಕೋರ್ಸು ಮುಗಿಯಿತು, ನನ್ನ ಹುಡುಕಾಟ ಮುಗಿದಿರಲಿಲ್ಲ.

ಕೊನೆಗೆ ಪ್ಯಾಕಿಂಗ್ ವಿಭಾಗದ ಹುಡುಗನೊಬ್ಬ ಸಿಕ್ಕ. ಸಾಧು ಪ್ರಾಣಿ. "ನನಗೇನೂ ಬೇಡ ಸಾರ್" ಎಂದ. ಮದುವೆ ನಿಶ್ಚಯವಾಯಿತು.

ಹೆಣ್ಣನ್ನು ಸಿಂಗರಿಸಿದ್ದು ನನ್ನ ಹೆಂಡತಿ. ಅದೇ ಆಕೆಯ ಮೊದಲ ಕೆಲಸ. ಬಾಗಿಲಲ್ಲಿ ನಿಂತು ನೋಡಿದೆ. ಕನ್ನಡಿಯಲ್ಲಿ ಇಬ್ಬರ ಮುಖಗಳೂ ಇದ್ದವು. ನಾನು ನೋಡಿದ್ದು ಮದುಮಗಳನ್ನಲ್ಲ. ಅಷ್ಟು ಹೊತ್ತು ಇನ್ನೊಮ್ಮೆ ಹಾಗೆ ನಿಲ್ಲಲು ಈಗ ಏನು ಬೇಕಾದರೂ ಕೊಟ್ಟೇನು.

ಊಟದ ಪಂಕ್ತಿಯಲ್ಲಿ ಮಾವನವರು ಅಳಿಯನ ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ಕಾಲದಲ್ಲಿ ಇಂಥ ಆದರ್ಶ ಎಲ್ಲಿದೆ ಸ್ವಾಮಿ! ಕೊನೆಗೆ ನಾನೇ ಸ್ಕೂಟರ್ ಕೊಡ್ತೀನಿ ಅಂದ್ರೂ ಬೇಡ ಅಂದ. ಯಾಕಪ್ಪಾ ಬೇಡ ಅಂದೆ? ಇವರಿಗೆಲ್ಲ ಸ್ವಲ್ಪ ಹೇಳು."

ಅಳಿಯ ಹೋಳಿಗೆ ನುಂಗಿ ನಾಚಿಕೊಂಡ.

"ನಂಗೆ ಬ್ಯಾಲೆನ್ಸ್ ಬರಲ್ಲ ಮಾವ. ಸೈಕಲ್ಲಿಂದಾನೇ ಬೀಳ್ತೀನಿ. ಕಾರಾಗಿದ್ರೆ ಯೋಚ್ನೆ ಮಾಡ್ಬೋದಿತ್ತು."